ಕರಿಯನ ಮೈಯ ಉಣುಗು

ಮೂಡಿಗೆರೆಯ ನಮ್ಮ ಕಾಫಿ ತೋಟ ಸುತ್ತಿ ನಾಯಿ ಕರಿಯ ಬಂದೊಡನೆ ಜಗಲಿಯಲ್ಲೇ ಅವನ ಮೈ ತಡವುತ್ತೇನೆ. ಕಿವಿಯ ಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ: ಉಣುಗು ಅಡಗುವುದು ಅಲ್ಲೇ. ಸಿಕ್ಕರೆ ಸೀಮೆಎಣ್ಣೆ ಸುರಿಯಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಉಗುರಿನಲ್ಲಿ ಹಿಸುಕಲೇಬೇಡಿ, ಸ್ಪಿರಿಟ್‌ನಲ್ಲಿ ಮುಳುಗಿಸಿ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ.

ಚಿಗಟದ ಮೊಟ್ಟೆಗಳು ಮೈಯಿಂದ ಉದುರಿ ಹಾಸಿಗೆ ಸೇರುತ್ತವೆ. ಅವನ ಗೋಣಿತಾಟನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತೇನೆ. ಹೆಗಲ ನಡುವೆ ಬಿಡುವ ಹನಿಮದ್ದನ್ನು ನಾಯಿಯ ತೂಕಕ್ಕೆ ತಕ್ಕಂತೆ ಪಶುವೈದ್ಯರನ್ನು ಕೇಳಿಯೇ ಹಾಕಿ. ಪರ್ಮೆಥ್ರಿನ್ ಇರುವ ಮದ್ದು ಬೆಕ್ಕಿಗೆ ವಿಷ.

ಉಣುಗು ಕಚ್ಚಿದ ನಾಯಿಯ ಒಸಡು ಬಿಳಿಚಿದರೆ, ಮೂತ್ರ ಕೆಂಪಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಳೆದ ವರ್ಷ ಕರಿಯನಿಗೆ ಜ್ವರ ಬಂದಾಗ ನಾನು ಎರಡು ದಿನ ಕಾದೆ. ಆ ಎರಡು ದಿನಗಳು ಈಗಲೂ ಎದೆಯನ್ನು ಚುಚ್ಚುತ್ತವೆ.