ಟ್ಯೂಬ್ ಡ್ಯಾಕ್ ಕೊಳ್ಳುವ ಮುಂಚೆ, ಕಟ್ಟುವ ಮುಂಚೆ: ಆ ಟ್ಯೂಬ್‌ಗೆ ಏನು ಕೆಲಸ?

ಡ್ಯಾಕ್ ಅಂದರೆ ಡಿಜಿಟಲ್ ಹಾಡಿನ ಅಂಕಿಗಳನ್ನು ಆಂಪ್ (ಆಂಪ್ಲಿಫೈಯರ್) ಅರ್ಥಮಾಡಿಕೊಳ್ಳುವ ಸಿಗ್ನಲ್ ಮಾಡುವ ಪೆಟ್ಟಿಗೆ. ಟ್ಯೂಬ್ ಡ್ಯಾಕ್‌ನಲ್ಲಿ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವ್ಯಾಕ್ಯೂಮ್ ಟ್ಯೂಬ್ ಕೂಡ ಇರುತ್ತೆ. ನಾನು ಮೊದಲು ಕೊಂಡ ಟ್ಯೂಬ್ ಡ್ಯಾಕ್ ಸೆಕೆಂಡ್ ಹ್ಯಾಂಡ್ ಮಾಲು. ಅಂಗೈ ಅಗಲದ ಪೆಟ್ಟಿಗೆ, ತಲೆಯ ಮೇಲೆ ಎರಡು ಟ್ಯೂಬ್, ಲೈಟ್ ಆರಿಸಿದರೆ ಕಿತ್ತಳೆ ಹೊಳಪು. ನೋಡಿದ್ದಕ್ಕೇ ಮರುಳಾಗಿದ್ದೆ. ಒಂದು ದಿನ ದೂಳು ಒರೆಸೋಣ ಅಂತ ಪ್ಲಗ್ ಕಿತ್ತು, ಎರಡೂ ಟ್ಯೂಬ್ ತೆಗೆದು ಪಕ್ಕಕ್ಕಿಟ್ಟೆ. ಯಾರೋ ಕರೆದರು, ಎದ್ದು ಹೋದೆ, ವಾಪಸ್ ಬಂದು ಮರೆತು ಹಾಗೇ ಸ್ವಿಚ್ ಹಾಕಿದೆ. ಹಾಡು ಎಂದಿನಂತೆ ಬಂತು! ಖಾಲಿ ಸಾಕೆಟ್‌ನ ನಡುವಿನ ತೂತಿನಲ್ಲಿ ಒಂದು ಪುಟ್ಟ ಎಲ್‌ಇಡಿ ಉರಿಯುತ್ತಿತ್ತು. ಅಷ್ಟು ದಿನ ನಾನು ಮೆಚ್ಚಿದ ಹೊಳಪು ಅದೇ. ಟ್ಯೂಬ್‌ಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಅವತ್ತಿನಿಂದ ಯಾವ ಟ್ಯೂಬ್ ಡ್ಯಾಕ್ ಕಂಡರೂ ನಾನು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಟ್ಯೂಬ್‌ಗೆ ಏನು ಕೆಲಸ? ಇದಕ್ಕೆ ಉತ್ತರ ಸಿಕ್ಕರೆ ಕೊಳ್ಳುವುದೂ ಸುಲಭ, ಕಟ್ಟುವುದೂ ಸುಲಭ.

ಅಂಕಿಗಳನ್ನು ಸಿಗ್ನಲ್ ಮಾಡುವುದು ಚಿಪ್, ಟ್ಯೂಬ್ ಅಲ್ಲ. ಟ್ಯೂಬ್ ಕೂರುವುದು ಅದರ ನಂತರ. ಚಿಪ್‌ನಿಂದ ಏನು ಹೊರಗೆ ಬರುತ್ತೆ ಅನ್ನುವುದರ ಮೇಲೆ ಟ್ಯೂಬ್‌ನ ಕೆಲಸ ನಿಂತಿದೆ. ಪಿಸಿಎಂ5102ಎ ಅನ್ನುವ ಚಿಪ್ ತಗೊಳ್ಳಿ. 3.3 ವೋಲ್ಟ್ ಸಪ್ಲೈ ಕೊಟ್ಟರೆ ಅದೇ ನೇರವಾಗಿ 2.1 ವೋಲ್ಟ್ ಸಿಗ್ನಲ್ ಕೊಡುತ್ತೆ. ಸಿಡಿ ಪ್ಲೇಯರ್‌ಗಳ ಲೆವೆಲ್ ಸುಮಾರು 2 ವೋಲ್ಟ್, ಅಂದರೆ ಕೆಲಸ ಅಲ್ಲಿಗೇ ಮುಗಿಯಿತು. ಇದರ ಮುಂದೆ 15 ಪಟ್ಟು ಹೆಚ್ಚಿಸುವ ಟ್ಯೂಬ್ ಇಟ್ಟರೆ 30 ವೋಲ್ಟ್ ಆಗುತ್ತೆ, ಯಾವ ಆಂಪ್‌ಗೂ ಅದು ಬೇಡ. ಹಾಗಾಗಿ ಕೆಲವರು ಮೊದಲು ಸಿಗ್ನಲ್ ಇಳಿಸಿ ಆಮೇಲೆ ಟ್ಯೂಬ್‌ನಲ್ಲಿ ಏರಿಸುತ್ತಾರೆ. ಬೆಟ್ಟ ಇಳಿದು ಮತ್ತೆ ಹತ್ತಿದ ಹಾಗೆ, ಅಲ್ವಾ? ಇಂಥ ಚಿಪ್‌ಗೆ ಟ್ಯೂಬ್ ಬೇಕೇ ಬೇಕು ಅಂದರೆ ಕ್ಯಾಥೋಡ್ ಫಾಲೋಯರ್ ಅನ್ನುವ ಸರ್ಕ್ಯೂಟ್ ಮಾಡಿ. ಬಂದ ವೋಲ್ಟೇಜನ್ನು ಹೆಚ್ಚುಕಡಿಮೆ ಹಾಗೇ ದಾಟಿಸುತ್ತೆ, ಉದ್ದದ ಕೇಬಲ್ಲಿಗೂ ಜಗ್ಗುವುದಿಲ್ಲ. ಆದರೆ ಚೆನ್ನಾಗಿ ಮಾಡಿದ ಫಾಲೋಯರ್ ಸದ್ದನ್ನು ಹೆಚ್ಚೇನೂ ಬದಲಿಸುವುದಿಲ್ಲ. "ಟ್ಯೂಬ್ ಸೌಂಡ್" ಹುಡುಕಿಕೊಂಡು ಹೋದವರಿಗೆ ನಿರಾಸೆ ಖಾತ್ರಿ.

ಟ್ಯೂಬ್‌ಗೆ ನಿಜವಾದ ಕೆಲಸ ಇರುವುದು ಕರೆಂಟ್ ಹೊರಬಿಡುವ ಚಿಪ್‌ಗಳಲ್ಲಿ. ಫಿಲಿಪ್ಸ್‌ನ ಟಿಡಿಎ1541ಎ ಹಳೆಯ ಸಿಡಿ ಪ್ಲೇಯರ್‌ಗಳ ಪ್ರಸಿದ್ಧ ಚಿಪ್, 16 ಬಿಟ್. ಅದರಿಂದ ಬರುವುದು ವೋಲ್ಟೇಜ್ ಅಲ್ಲ, ಪೂರ್ತಿ ಸಿಗ್ನಲ್‌ಗೆ 4 ಮಿಲಿಆಂಪ್ ಕರೆಂಟ್. ಅದನ್ನು 50 ಓಮ್ ರೆಸಿಸ್ಟರ್ ಮೂಲಕ ಹರಿಸಿದರೆ ತುದಿಯಿಂದ ತುದಿಗೆ 200 ಮಿಲಿವೋಲ್ಟ್, ಅಂದರೆ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ 70 ಮಿಲಿವೋಲ್ಟ್ ಚಿಲ್ಲರೆ. 2 ವೋಲ್ಟ್ ಬೇಕಾದರೆ ಸುಮಾರು 28 ಪಟ್ಟು ಏರಿಸಬೇಕು. ಇಸಿಸಿ88 ಅನ್ನುವ ಟ್ಯೂಬ್‌ನ ಮ್ಯೂ, ಅಂದರೆ ಹೆಚ್ಚೆಂದರೆ ಎಷ್ಟು ಪಟ್ಟು ಏರಿಸಬಲ್ಲದು ಅನ್ನುವ ಅಂಕಿ, 33. ಸರ್ಕ್ಯೂಟ್‌ನಲ್ಲಿ ಸ್ವಲ್ಪ ಸೋರಿ 27ರ ಹತ್ತಿರ ಸಿಗುತ್ತೆ. ಹೇಳಿ ಮಾಡಿಸಿದ ಜೋಡಿ.

ಮೊದಲು ಕೊಳ್ಳುವ ವಿಷಯ. ಫೋಟೋದಲ್ಲಿ ಟ್ಯೂಬ್ ನೋಡಬೇಡಿ, ದೊಡ್ಡ ಕೆಪ್ಯಾಸಿಟರ್‌ಗಳ ಮೈಮೇಲೆ ಬರೆದಿರುವ ನಂಬರ್ ನೋಡಿ. 250, 350, 400 ವೋಲ್ಟ್ ಅಂತ ಇದ್ದರೆ ಒಳಗೆ ಹೈ ವೋಲ್ಟೇಜ್ ಇದೆ, ಟ್ಯೂಬ್ ದುಡಿಯುತ್ತಿದೆ ಅಂದುಕೊಳ್ಳಬಹುದು. ಎಲ್ಲವೂ 25, 35 ವೋಲ್ಟ್‌ನವೇ ಆಗಿದ್ದರೆ ಟ್ಯೂಬ್ ಅರೆಹೊಟ್ಟೆಯಲ್ಲಿದೆ. ಅದೇನು ಸದ್ದೇ ಬರುವುದಿಲ್ಲ ಅಂತಲ್ಲ, ಸಿಗ್ನಲ್ ಜೋರಾದಾಗ ಡಿಸ್ಟಾರ್ಷನ್ (ಸಿಗ್ನಲ್‌ನ ಆಕಾರ ಕೆಡುವುದು) ಜಾಸ್ತಿ. 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವುದೆಲ್ಲ ಮೋಸ ಅಂತಲೂ ಅಲ್ಲ. ಬೋರ್ಡ್ ಮೇಲೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರಬಹುದು, ಅದಕ್ಕೇ ಕೆಪ್ಯಾಸಿಟರ್ ನೋಡಿ ಅಂದಿದ್ದು.

ಮಾರುವವರನ್ನು ಎರಡು ಪ್ರಶ್ನೆ ಕೇಳಿ. ಔಟ್‌ಪುಟ್ ಎಷ್ಟು ವೋಲ್ಟ್? 2ರಿಂದ 2.5 ಇದ್ದರೆ ಸರಿ. 4, 5 ಅಂದರೆ ನಿಮ್ಮ ಆಂಪ್‌ನ ಇನ್‌ಪುಟ್ ಅದನ್ನು ತಡೆಯುತ್ತಾ ನೋಡಿಕೊಳ್ಳಿ, ಇಲ್ಲವಾದರೆ ವಾಲ್ಯೂಮ್ ನಾಬ್‌ನ ಗುರುತು ಗಡಿಯಾರದ ಎಂಟು ಗಂಟೆಯ ಜಾಗ ದಾಟುವ ಮೊದಲೇ ಮನೆ ಕಿತ್ತುಹೋಗುವ ಸದ್ದು. ಎರಡನೆಯದು, ಚಿಪ್ ಯಾವುದು, ಅದರ ಫೋಟೋ ಇದೆಯಾ? 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಒಕಾದಲ್ಲಿ ಎಕೆಎಂ ಕಂಪನಿಯ ಚಿಪ್ ಫ್ಯಾಕ್ಟರಿಗೆ ಬೆಂಕಿ ಬಿದ್ದ ಮೇಲೆ ಎಷ್ಟೋ ಮಾಡೆಲ್‌ಗಳ ಒಳಗಿನ ಚಿಪ್ ಬದಲಾಯಿತು, ಹೊರಗಿನ ಹೆಸರು ಮಾತ್ರ ಹಾಗೇ ಉಳಿಯಿತು. ಹಳೆಯ ಚಿಪ್‌ಗಳ ಕಥೆ ಇನ್ನೂ ಕಷ್ಟ. ಟಿಡಿಎ1541ಎ ತಯಾರಿಕೆ ನಿಂತು ಎಷ್ಟೋ ವರ್ಷ ಆಗಿದೆ. ಅದರಲ್ಲಿ ಕಿರೀಟದ ಗುರುತಿರುವ ಆಯ್ದ ಚಿಪ್‌ಗೆ ಬೇಡಿಕೆ ಜಾಸ್ತಿ, ಹಾಗಾಗಿ ಸಾದಾ ಚಿಪ್‌ನ ಮೈ ಉಜ್ಜಿ ಕಿರೀಟ ಅಚ್ಚು ಹಾಕುವವರೂ ಜಾಸ್ತಿ. ಕಿರೀಟಕ್ಕೆ ದುಡ್ಡು ಸುರಿಯಬೇಡಿ. ಕೆಟ್ಟ ಹಳೆಯ ಸಿಡಿ ಪ್ಲೇಯರ್‌ನಿಂದ ಕಿತ್ತ ಸಾದಾ ಚಿಪ್ ಸಿಕ್ಕರೆ ಅದೇ ನೆಮ್ಮದಿ.

ಸೆಕೆಂಡ್ ಹ್ಯಾಂಡ್ ಅಂತ ಹೆದರುವುದು ಬೇಡ. ಟ್ಯೂಬ್ ಸವೆಯುತ್ತೆ ನಿಜ, ಆದರೆ ಅದು ಸಾಕೆಟ್‌ನಲ್ಲಿದೆ, ಬದಲಾಯಿಸಬಹುದು. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಾ, ಕೆಪ್ಯಾಸಿಟರ್ ತಲೆ ಉಬ್ಬಿದೆಯಾ ನೋಡಿ, ಸಾಕು. ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್ ಅನ್ನುವ ದೊಡ್ಡ ನಂಬರ್‌ಗಳನ್ನು ನಾನಂತೂ ಓದುವುದೇ ಬಿಟ್ಟಿದ್ದೇನೆ.

ಇನ್ನು ಕಟ್ಟುವುದು. ಮೊದಲ ಸಲ ಎಲ್ಲವನ್ನೂ ತಲೆಮೇಲೆ ಹಾಕಿಕೊಳ್ಳಬೇಡಿ. ಡಿಜಿಟಲ್ ಭಾಗ ಟಿಡಿಎ1541ಎ ಇರುವ ರೆಡಿ ಬೋರ್ಡ್ ಇರಲಿ, ಟ್ಯೂಬ್ ಭಾಗ ಮತ್ತು ಅದರ ಪವರ್ ಸಪ್ಲೈ ಮಾತ್ರ ನೀವು ಮಾಡಿ. ಮಾಡುವ ಮುಂಚೆ ಒಂದು ಮಾತು: ಇಲ್ಲಿ 200 ವೋಲ್ಟ್ ಡಿಸಿ ಇರುತ್ತೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಉಳಿದಿರುತ್ತೆ, ಪ್ರಾಣ ತೆಗೆಯುವಷ್ಟು. ಬ್ಯಾಟರಿ ಸರ್ಕ್ಯೂಟ್ ಬಿಟ್ಟು ಬೇರೇನೂ ಮುಟ್ಟದವರು ಮೊದಲು ಇಂಥದ್ದು ಮಾಡಿ ಗೊತ್ತಿರುವವರ ಪಕ್ಕ ಕೂತು ಕಲಿಯಿರಿ.

ಟ್ಯೂಬ್ ಒಂದೇ ಸಾಕು. ಇಸಿಸಿ88ರ ಒಂದು ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಎರಡು ಬೇರೆ ಬೇರೆ ಟ್ಯೂಬ್‌ಗಳಷ್ಟು ಭಾಗ, ಇವೆ, ಎಡಕ್ಕೊಂದು ಬಲಕ್ಕೊಂದು. ಸಾಕೆಟನ್ನು ಕೆಳಗಿನಿಂದ ನೋಡಿದರೆ ಪಿನ್ ಎಣಿಕೆ ಗಡಿಯಾರದ ಮುಳ್ಳಿನಂತೆ ಸಾಗುತ್ತೆ: ಪ್ಲೇಟ್ (ಇಲ್ಲಿ ಸಿಗ್ನಲ್ ಹೊರಬರುವ ಕಡೆ) 1 ಮತ್ತು 6, ಗ್ರಿಡ್ (ಸಿಗ್ನಲ್ ಒಳಬರುವ ಕಡೆ) 2 ಮತ್ತು 7, ಕ್ಯಾಥೋಡ್ (ಎಲೆಕ್ಟ್ರಾನ್ ಹೊರಸೂಸುವ ಕಡೆ) 3 ಮತ್ತು 8, ಹೀಟರ್ (ಕ್ಯಾಥೋಡ್ ಬಿಸಿಮಾಡುವ ತಂತಿ) 4, 5. ಒಂಬತ್ತನೆಯದು ಒಳಗಿನ ಶೀಲ್ಡ್, ಗ್ರೌಂಡ್‌ಗೆ ಹಾಕಿ. ಪ್ಲೇಟ್‌ಗೆ 200 ವೋಲ್ಟ್‌ನಿಂದ 22 ಕಿಲೋಓಮ್ ರೆಸಿಸ್ಟರ್. ಕ್ಯಾಥೋಡ್‌ನಿಂದ ಗ್ರೌಂಡ್‌ಗೆ 390 ಓಮ್. ಲೆಕ್ಕ ಹೀಗೆ: 5 ಮಿಲಿಆಂಪ್ ಹರಿದರೆ 22 ಕಿಲೋಓಮ್‌ನಲ್ಲಿ 110 ವೋಲ್ಟ್ ಇಳಿದು ಪ್ಲೇಟ್‌ನಲ್ಲಿ 90 ಉಳಿಯುತ್ತೆ, ಇಸಿಸಿ88ಕ್ಕೆ ಅದು ಹಿತವಾದ ಜಾಗ. ಆ ರೆಸಿಸ್ಟರ್ ಅರ್ಧ ವಾಟ್‌ಗಿಂತ ಜಾಸ್ತಿ ಬಿಸಿ ಉಣ್ಣುತ್ತೆ, ಹಾಗಾಗಿ 2 ವಾಟ್‌ನದು ಹಾಕಿ. 390 ಓಮ್‌ನ ಮೇಲೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೇಕು. ಅದನ್ನು ಬಿಟ್ಟರೆ 27 ಪಟ್ಟು ಇದ್ದದ್ದು 18ಕ್ಕೆ ಇಳಿಯುತ್ತೆ, 2 ವೋಲ್ಟ್ ಬದಲು 1.3 ಸಿಗುತ್ತೆ. ಕೆಲವರು ಬೇಕಂತಲೇ ಬಿಡುತ್ತಾರೆ, ಡಿಸ್ಟಾರ್ಷನ್ ಕಡಿಮೆ ಅಂತ. ಅದೂ ತಪ್ಪಲ್ಲ.

ಚಿಪ್‌ನ ಕರೆಂಟ್ ಪಿನ್‌ನಿಂದ ಗ್ರೌಂಡ್‌ಗೆ ಆ 50 ಓಮ್, ಅಲ್ಲಿಂದ 470 ಓಮ್ ಮೂಲಕ ಗ್ರಿಡ್‌ಗೆ. ಈ 470 ಸಾಕೆಟ್ ಪಿನ್‌ಗೆ ಅಂಟಿಕೊಂಡೇ ಇರಬೇಕು, ಇಲ್ಲವಾದರೆ ಟ್ಯೂಬ್ ತನ್ನಷ್ಟಕ್ಕೆ ರೇಡಿಯೋ ಸ್ಟೇಷನ್ ಆಗುವ, ಅಂದರೆ ತಾನೇ ಸಿಗ್ನಲ್ ಹುಟ್ಟಿಸುವ, ಸಾಧ್ಯತೆ ಇದೆ. 50 ಓಮ್ ಬದಲು ದೊಡ್ಡದು ಹಾಕಿ ಸದ್ದು ಏರಿಸುವ ಆಸೆ ಬೇಡ. ಆ ಪಿನ್‌ನಲ್ಲಿ ವೋಲ್ಟೇಜ್ ಏರಿದಷ್ಟೂ ಚಿಪ್ ತಪ್ಪು ಮಾಡುತ್ತೆ. ಇನ್ನೊಂದು ಸೂಕ್ಷ್ಮ: ಟಿಡಿಎ1541ಎ ಹಾಡು ಇಲ್ಲದಾಗಲೂ 2 ಮಿಲಿಆಂಪ್ ಎಳೆಯುತ್ತಿರುತ್ತೆ. 5 ವೋಲ್ಟ್ ಸಪ್ಲೈನಿಂದ ಆ ಪಿನ್‌ಗೆ ಸುಮಾರು 2.5 ಕಿಲೋಓಮ್ ಕೊಟ್ಟರೆ ಅದು ಸರಿಹೋಗಿ ಡಿಸಿ ಸೊನ್ನೆಯ ಹತ್ತಿರ ಬರುತ್ತೆ.

ಪ್ಲೇಟ್‌ನಿಂದ ಹೊರಗೆ 2.2 ಮೈಕ್ರೋಫ್ಯಾರಡ್, 400 ವೋಲ್ಟ್‌ನ ಫಿಲ್ಮ್ ಕೆಪ್ಯಾಸಿಟರ್. ನಿಮ್ಮ ಆಂಪ್ ಮತ್ತು ಆ 90 ವೋಲ್ಟ್ ನಡುವೆ ಇರುವುದು ಇದೊಂದೇ ಗೋಡೆ, ಇಲ್ಲಿ ಜಿಪುಣತನ ಬೇಡ. ಅದರ ಹೊರಗಡೆ ತುದಿಯಿಂದ ಗ್ರೌಂಡ್‌ಗೆ 470 ಕಿಲೋಓಮ್. ಆಮೇಲೆ ಅರ್ಧ ನಿಮಿಷ, ಒಂದು ನಿಮಿಷ ತಡಮಾಡಿ ಸಿಗ್ನಲ್ ಹೊರಬಿಡುವ ರಿಲೇ (ತಾನೇ ಬದಲಾಗುವ ಸ್ವಿಚ್) ಹಾಕಿ. ಆನ್ ಮಾಡಿದಾಗ ಬರುವ "ಧಡ್" ಸ್ಪೀಕರ್‌ಗೆ ಒಳ್ಳೆಯದಲ್ಲ. ಈ ಸ್ಟೇಜ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ) ಸುಮಾರು 4 ಕಿಲೋಓಮ್, ಹಾಗಾಗಿ ಆಂಪ್‌ನ ಇನ್‌ಪುಟ್ 47 ಕಿಲೋಓಮ್ ಆದರೂ ಇರಲಿ.

ನನ್ನ ಪ್ರಕಾರ ಡ್ಯಾಕ್‌ನಲ್ಲಿ ಅರ್ಧ ಸದ್ದು ಪವರ್ ಸಪ್ಲೈಯದ್ದು. 160 ವೋಲ್ಟ್ ಸೆಕೆಂಡರಿ ಇರುವ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, 100 ಮೈಕ್ರೋಫ್ಯಾರಡ್, 1 ಕಿಲೋಓಮ್, ಮತ್ತೆ 100, ಮತ್ತೆ 1 ಕಿಲೋಓಮ್, ಮತ್ತೆ 100. ಕೊನೆಯಲ್ಲಿ 200ರ ಆಸುಪಾಸು ಸಿಗುತ್ತೆ. ಕೆಪ್ಯಾಸಿಟರ್ 350 ವೋಲ್ಟ್‌ನವು ಇರಲಿ, ಯಾಕಂದರೆ ಟ್ಯೂಬ್ ಬಿಸಿಯಾಗುವವರೆಗೆ ಕರೆಂಟ್ ಎಳೆಯುವವರೇ ಇಲ್ಲ, ವೋಲ್ಟೇಜ್ ಮೇಲಕ್ಕೆ ಹೋಗಿ ಕೂತಿರುತ್ತೆ. ಕೊನೆಯ ಕೆಪ್ಯಾಸಿಟರ್‌ಗೆ ಅಡ್ಡಲಾಗಿ 100 ಕಿಲೋಓಮ್, 2 ವಾಟ್ ಬ್ಲೀಡರ್, ಅಂದರೆ ಉಳಿದ ಚಾರ್ಜ್ ಇಳಿಸುವ ರೆಸಿಸ್ಟರ್, ಹಾಕಿ. ಪ್ಲಗ್ ಕಿತ್ತು ಒಂದು ನಿಮಿಷಕ್ಕೆ 30 ವೋಲ್ಟ್ ಹತ್ತಿರ ಇಳಿಯುತ್ತೆ. ಆದರೂ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಹೀಟರ್‌ಗೆ 6.3 ವೋಲ್ಟ್ ರೆಗ್ಯುಲೇಟ್ ಮಾಡಿದ ಡಿಸಿ, 365 ಮಿಲಿಆಂಪ್. ಡಿಜಿಟಲ್ ಬೋರ್ಡ್‌ಗೆ ಬೇರೆಯೇ ಟ್ರಾನ್ಸ್‌ಫಾರ್ಮರ್. ಮೇನ್ಸ್ ಬರುವ ಕಡೆ ಫ್ಯೂಸ್, ಲೋಹದ ಪೆಟ್ಟಿಗೆಗೆ ಅರ್ತ್ ವೈರ್ ಬೋಲ್ಟ್ ಹಾಕಿ ಬಿಗಿದಿರಬೇಕು. ಹಮ್ (ಸ್ಪೀಕರ್‌ನಲ್ಲಿ ಗುಂಯ್ ಸದ್ದು) ಬಂತು ಅಂತ ಅರ್ತ್ ಕಿತ್ತುಹಾಕುವವರನ್ನು ನೋಡಿದ್ದೇನೆ. ಬೇಡ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್ ಲೈನ್‌ಗೆ ಸರಣಿಯಲ್ಲಿ ಹಳೆಯ ಕಾಲದ 40 ವಾಟ್ ಫಿಲಮೆಂಟ್ ಬಲ್ಬ್ ಹಾಕಿ. ಒಂದು ಕ್ಷಣ ಮಿಂಚಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಮೊದಲು ಟ್ಯೂಬ್ ಇಲ್ಲದೆ ಹೈ ವೋಲ್ಟೇಜ್ ನೋಡಿ. ಬಲ್ಬ್ ತೆಗೆದು, ಹೀಟರ್ 6.3 ಬರುತ್ತಾ ನೋಡಿ. ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಅಳೆದು, ಆಮೇಲೆ ಟ್ಯೂಬ್ ಕೂರಿಸಿ. ಮೀಟರ್‌ನ ಕಪ್ಪು ವೈರನ್ನು ಕ್ಲಿಪ್ ಹಾಕಿ ಗ್ರೌಂಡ್‌ಗೆ ಕಚ್ಚಿಸಿ, ಒಂದು ಕೈ ಜೇಬಿನಲ್ಲಿ, ಇನ್ನೊಂದು ಕೈಯಲ್ಲಿ ಕೆಂಪು ಪ್ರೋಬ್ ಹಿಡಿದು 3ನೇ ಪಿನ್ ಮುಟ್ಟಿಸಿ. ಮೊದಲು 0. ಹತ್ತು ಸೆಕೆಂಡ್ ಆದ ಮೇಲೆ ನಿಧಾನಕ್ಕೆ ಏರುತ್ತೆ: 0.4, 1.1, 1.7, 2ರ ಹತ್ತಿರ ಬಂದು ನಿಲ್ಲುತ್ತೆ. 2 ಭಾಗಿಸು 390, ಸುಮಾರು 5 ಮಿಲಿಆಂಪ್. ಎಷ್ಟು ಸಲ ಕಟ್ಟಿದ್ದರೂ ಆ ನಂಬರ್ ಏರುವುದನ್ನು ನೋಡುವಾಗ ನಾನು ಉಸಿರು ಹಿಡಿದಿರುತ್ತೇನೆ. 0ಯಲ್ಲೇ ನಿಂತರೆ ಹೀಟರ್ ಉರಿದಿಲ್ಲ ಅಥವಾ ಪ್ಲೇಟ್‌ಗೆ ವೋಲ್ಟೇಜ್ ತಲುಪಿಲ್ಲ. 3ರ ಹತ್ತಿರ ಹೋದರೆ ಗ್ರಿಡ್ ಗ್ರೌಂಡ್‌ಗೆ ಸೇರಿಲ್ಲ, ಎಲ್ಲೋ ಬೆಸುಗೆ ಬಿಟ್ಟಿದೆ.

ಹಮ್ ಬಂದರೆ ಕಿವಿಗೊಟ್ಟು ಕೇಳಿ. ಮೇನ್ಸ್ 50 ಹರ್ಟ್ಸ್ ಆಗಿದ್ದರೆ, ದಪ್ಪ ಮೆತ್ತನೆಯ ಸದ್ದು 50ರದು, ಅದು ವೈರಿಂಗ್ ಅಥವಾ ಗ್ರೌಂಡ್‌ನ ತಪ್ಪು. ಸ್ವಲ್ಪ ಒರಟು ಸದ್ದು 100ರದು, ಅದು ಸಪ್ಲೈ ಫಿಲ್ಟರ್ ಸಾಲದು ಅಂತ. ನಾನು ಕಟ್ಟಿದ ಮೊದಲ ಡ್ಯಾಕ್‌ನಲ್ಲಿ 50ರದು ಇತ್ತು. ಮೂರು ವಾರ ಕೆಪ್ಯಾಸಿಟರ್ ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ನೋಡಿದರೆ ಮೇನ್ಸ್ ಸ್ವಿಚ್‌ನ ವೈರ್ ಗ್ರಿಡ್ ಪಕ್ಕದಲ್ಲೇ ಹಾದುಹೋಗಿತ್ತು. ನಾಲ್ಕು ಬೆರಳು ಆಚೆ ಸರಿಸಿದೆ, ಹೋಯಿತು.

ಹಾಡು ಬಂದ ಮೇಲೆ ಎಲ್ಲರಿಗೂ ಬರುವ ಕಾಯಿಲೆ ಟ್ಯೂಬ್ ಬದಲಿಸಿ ನೋಡುವುದು. 6ಡಿಜೆ8, 6922, ರಷ್ಯಾದ 6ಎನ್23ಪಿ ಇವು ಇಸಿಸಿ88ರ ಜಾಗದಲ್ಲಿ ಕೂರುತ್ತವೆ. 6ಎನ್1ಪಿ ಕೂಡ ಕೂರುತ್ತೆ, ಆದರೆ ಅದರ ಹೀಟರ್‌ಗೆ 600 ಮಿಲಿಆಂಪ್ ಬೇಕು, ನಿಮ್ಮ ರೆಗ್ಯುಲೇಟರ್ ತಡೆಯಬೇಕಲ್ಲ. ಇಸಿಸಿ82, ಇಸಿಸಿ83 ಬೇಡ, ಸಾಕೆಟ್‌ಗೆ ಹೊಂದಿದರೂ ಹೀಟರ್ ವೈರಿಂಗ್ ಬೇರೆ. ಹೋಲಿಸುವಾಗ ಲೆವೆಲ್ ಒಂದೇ ಮಾಡಿಕೊಳ್ಳಿ, ಯಾಕಂದರೆ ಚೂರು ಜೋರಾಗಿದ್ದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತೆ. 200 ಹರ್ಟ್ಸ್ ಟೋನ್ ಹಾಕಿ, ಔಟ್‌ಪುಟ್‌ಗೆ ಮಲ್ಟಿಮೀಟರ್ ಇಟ್ಟು ವಾಲ್ಯೂಮ್ ಸರಿಮಾಡಿ. 1000 ಹರ್ಟ್ಸ್ ಬೇಡ, ಸಾಧಾರಣ ಮೀಟರ್‌ಗಳು ಅಲ್ಲಿ ಸುಳ್ಳು ಹೇಳಬಹುದು. ನಾನು ಮೂರು ಟ್ಯೂಬ್ ಹೀಗೆ ಹೋಲಿಸಿದೆ. ಎರಡರ ನಡುವೆ ನನಗೆ ವ್ಯತ್ಯಾಸವೇ ಕೇಳಲಿಲ್ಲ. ಮೂರನೆಯದನ್ನು ಪೆನ್ಸಿಲ್‌ನಿಂದ ತಟ್ಟಿದರೆ ಸ್ಪೀಕರ್‌ನಲ್ಲಿ ಗಂಟೆ ಬಾರಿಸಿದ ಹಾಗೆ "ಟಿಂಗ್" ಅನ್ನುತ್ತಿತ್ತು. ದುಬಾರಿಯದ್ದು ಅದೇ ಆಗಿತ್ತು, ಈಗ ಡಬ್ಬಿಯಲ್ಲಿದೆ.