ಇಪ್ಪತ್ನಾಲ್ಕು ಸಾವಿರಕ್ಕೆ 400 ಎಂಎಂ: ಹಳೇ ಜೂಮ್ ಲೆನ್ಸ್ ಕೊಂಡ ನನ್ನ ಅನುಭವ

"ಸ್ಕ್ರೂ ಡ್ರೈವ್ ಲೆನ್ಸ್ ತಗೊಂಡು ಹಕ್ಕಿ ಫೋಟೋ ಹೊಡಿತೀಯಾ? ರೈಸ್ ಮಿಲ್ ಸದ್ದಿಗೆ ಹಕ್ಕಿ ಅಲ್ಲ, ಮರವೇ ಹಾರಿಹೋಗ್ತದೆ ಮಾರಾಯ." ನಮ್ಮ ಸಾಗರದ ಫೋಟೋ ಗೆಳೆಯರಲ್ಲಿ ಒಬ್ಬ ಹೀಗಂದಾಗ ಉಳಿದ ನಾಲ್ವರೂ ನಕ್ಕಿದ್ದರು. ಸ್ಕ್ರೂ ಡ್ರೈವ್ ಅಂದರೆ ತನ್ನೊಳಗೆ ಮೋಟರ್ ಇಲ್ಲದೆ, ಕ್ಯಾಮೆರಾದ ಮೋಟರಿನಿಂದಲೇ ಸದ್ದು ಮಾಡುತ್ತ ಫೋಕಸ್ ಆಗುವ ಲೆನ್ಸು. ಹೋದ ಮಳೆಗಾಲದಲ್ಲಿ ಗುಡವಿ ಪಕ್ಷಿಧಾಮದಲ್ಲಿ ತೆಗೆದ ಕೆಂಬರಲು (ಐಬಿಸ್) ಹಕ್ಕಿಯ ಚಿತ್ರಗಳನ್ನು ತೋರಿಸಿದ ಮೇಲೆ ಅದೇ ಐವರಲ್ಲಿ ಮೂವರು ಬಂದು, ಎಲ್ಲಿ ಸಿಕ್ಕಿತು, ಎಷ್ಟಕ್ಕೆ, ಹೇಗೆ ನೋಡಿ ತಗೊಂಡೆ ಅಂತ ವಿಚಾರಿಸಿದ್ದಾರೆ. ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನನ್ನ ಕ್ಯಾಮೆರಾ ಬಾಡಿ ನಿಕಾನ್ ಡಿ7100. ಅದೂ ಸೆಕೆಂಡ್ ಹ್ಯಾಂಡೇ. ಮದುವೆ ಸೀಸನ್ನಿನಲ್ಲಿ ಎರಡನೇ ಕ್ಯಾಮೆರಾ ಹಿಡಿದು ನಾಲ್ಕು ಕಾಸು ಮಾಡುತ್ತೇನೆ, ಆ ಕಾಸು ಹಕ್ಕಿಗೆ ಹೋಗುತ್ತದೆ. 200-500 ಎಂಎಂ ಜೂಮ್ ಲೆನ್ಸಿನ ಮೇಲೆ ಎಲ್ಲರಂತೆ ನನಗೂ ಕಣ್ಣಿತ್ತು. ಬಳಸಿದ್ದಕ್ಕೇ ಅರವತ್ತೈದು, ಎಪ್ಪತ್ತು ಸಾವಿರ ಹೇಳುತ್ತಿದ್ದರು. ಅಷ್ಟು ಹಣ ಇದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಮೊದಲು ಸೋತದ್ದನ್ನು ಹೇಳುತ್ತೇನೆ.

ಒಂದನೆಯದು ವಿಆರ್ (ಕೈ ನಡುಕ ಚಿತ್ರಕ್ಕೆ ತಾಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೇ 70-300. ನಾಲ್ಕು ಸಾವಿರ ಕೊಟ್ಟಿದ್ದೆ. 200ರ ತನಕ ಪರವಾಗಿಲ್ಲ, ಅದರಾಚೆ ಹಕ್ಕಿಯ ಗರಿಯೆಲ್ಲ ನೆನೆದ ಹತ್ತಿಯ ಹಾಗೆ. ಎರಡೂವರೆಗೆ ಮಾರಿ ಕೈತೊಳೆದುಕೊಂಡೆ.

ಎರಡನೆಯದು ನಿಜವಾಗಿ ಕೈ ಸುಟ್ಟದ್ದು. ಅದೇ 70-300ರ ವಿಆರ್ ಮಾದರಿ, ಕರಾವಳಿಯ ಒಬ್ಬರು ಮಾರಾಟಕ್ಕಿಟ್ಟಿದ್ದರು. ಚಿತ್ರದಲ್ಲಿ ಮುಂದಿನ ಗಾಜು ಫಳಫಳ. ಹನ್ನೊಂದೂವರೆ ಸಾವಿರ ಮೊದಲೇ ಕಳಿಸಿ ಕೊರಿಯರ್‌ನಲ್ಲಿ ತರಿಸಿದೆ. ನೀರಲ್ಲಿರೋ ಎಮ್ಮೆಗೆ ದಡದ ಮೇಲೆ ನಿಂತು ವ್ಯಾಪಾರ ಮಾಡಿದ ಹಾಗೆ ಅಂತಾರಲ್ಲ, ಪಕ್ಕಾ ಅದೇ. ಡಬ್ಬಿ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯಂಥ ಎಳೆಗಳು. ಫಂಗಸ್. ಫೋನ್ ಮಾಡಿದರೆ "ನನ್ನ ಹತ್ರ ಇದ್ದಾಗ ಇರಲಿಲ್ಲ" ಅಂದರು. ಎರಡು ದಿನದ ಕೊರಿಯರ್ ದಾರಿಯಲ್ಲಿ ಬೆಳೆದಿರಬೇಕು! ರಿಪೇರಿಗೆ ಕೊಟ್ಟೆ, ಮೂರು ಸಾವಿರದ ಚಿಲ್ಲರೆ ಹೋಯಿತು. ಗಾಜು ಸ್ವಚ್ಛವಾಗಿ ಬಂತು, ಆದರೆ ಮತ್ತೆ ಕೂರಿಸುವಾಗ ಯಾವುದೋ ಒಂದು ಗಾಜು ಓರೆಯಾಗಿದೆ. ಚಿತ್ರದ ಬಲಭಾಗ ಯಾವಾಗಲೂ ಮಂಜು. ಎಲ್ಲ ತಿಳಿಸಿಯೇ ಐದು ಸಾವಿರಕ್ಕೆ ಮಾರಿದೆ. ಒಟ್ಟು ಹತ್ತು ಸಾವಿರದ ಹೊಡೆತ. ಮನೆಯಲ್ಲಿ ಈ ಲೆಕ್ಕ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. 500 ಎಂಎಂ ಮಿರರ್ ಲೆನ್ಸ್, ಅಂದರೆ ಒಳಗೆ ಕನ್ನಡಿ ಇರುವಂಥದ್ದು. ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್8, ಫೋಕಸ್ ಕೈಯಲ್ಲೇ. ಎರಡು ಸಾವಿರದ ಎಂಟುನೂರು. ಅಂಗೈಯಗಲ, ಹಗುರ, ನೋಡಲು ಚೆಂದ. ಹಿನ್ನೆಲೆಯಲ್ಲಿ ನೀರು ಮಿನುಗಿದರೆ ಒಂದೊಂದು ಮಿನುಗೂ ಬಳೆಯಾಕಾರ ಬರುತ್ತದೆ. ಕೆರೆಯಂಚಿನ ಮಿಂಚುಳ್ಳಿಯ ಹಿಂದೆ ಸಾಲಾಗಿ ಉದ್ದಿನ ವಡೆ ಕಟ್ಟಿದ ಹಾಗಿತ್ತು. ಮಗಳು ನೋಡಿ "ಅಪ್ಪ, ಇದಕ್ಕೆ ಚಟ್ನಿ ಎಲ್ಲಿ?" ಅಂದಳು. ಆದರೂ ಒಂದು ಹುಣ್ಣಿಮೆಯ ಚಂದ್ರನನ್ನು ಅದರಲ್ಲಿ ಚೆನ್ನಾಗಿ ಹಿಡಿದಿದ್ದೇನೆ, ಹಾಗಾಗಿ ಮಾರಿಲ್ಲ.

ಇಷ್ಟೆಲ್ಲ ಆದಮೇಲೆ ಯೋಚಿಸುವ ದಿಕ್ಕು ಬದಲಾಯಿತು. ಎಲ್ಲರಿಗೂ ಬೇಕಾದ್ದನ್ನು ಅಗ್ಗಕ್ಕೆ ಹುಡುಕುವುದಕ್ಕಿಂತ, ಯಾರಿಗೂ ಬೇಡವಾಗಿ ನನ್ನ ಬಾಡಿಗೆ ಮಾತ್ರ ಒದಗುವಂಥದ್ದು ಯಾವುದಿದೆ ಅಂತ ನೋಡಿದೆ. ಸಿಕ್ಕಿದ್ದು ಎಎಫ್ ವಿಆರ್ 80-400 ಡಿ. 2000ದಲ್ಲಿ ಬಂದ ಲೆನ್ಸು, ನಿಕಾನ್ ಎಸ್‌ಎಲ್‌ಆರ್ ಲೆನ್ಸುಗಳಲ್ಲಿ ವಿಆರ್ ಬಂದಿದ್ದೇ ಇದರಿಂದ. ಒಳಗೆ ಫೋಕಸ್ ಮೋಟರ್ ಇಲ್ಲ, ಬಾಡಿಯ ಮೋಟರೇ ತಿರುಗಿಸಬೇಕು. ಡಿ3000, ಡಿ5000 ಸಾಲಿನವರಿಗೆ ಆಟೋಫೋಕಸ್ ಬರುವುದಿಲ್ಲ. ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಹೋದವರಿಗೂ ಇಲ್ಲ, ಯಾಕೆಂದರೆ ಹಳೇ ಲೆನ್ಸನ್ನು ಅದಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಮೋಟರೇ ಇಲ್ಲ. ಕೊಳ್ಳುವವರು ಕಡಿಮೆ ಆದದ್ದು ಅದಕ್ಕೆ, ಬೆಲೆ ಬಿದ್ದದ್ದೂ ಅದಕ್ಕೇ. ಡಿ7100ಕ್ಕೆ ಮೋಟರ್ ಇದೆ. ಅವರೆಲ್ಲ ನಗುತ್ತಿದ್ದ ಕಾರಣವೇ ನನಗೆ ಲಾಭದ ಕಾರಣ.

ಒಂದು ಎಚ್ಚರಿಕೆ. 2013ರಲ್ಲಿ ಬಂದ ಹೊಸ 80-400 ಬೇರೆ, ಅದರೊಳಗೆ ಮೋಟರ್ ಇದೆ, ಬೆಲೆಯೂ ಬೇರೆ. ಮಾರುವವರು ಬರೀ "80-400 ವಿಆರ್" ಅಂತ ಹಾಕಿರುತ್ತಾರೆ. ಲೆನ್ಸಿನ ಮೇಲೆ ಅಪರ್ಚರ್ ಬದಲಿಸುವ ರಿಂಗ್ ಇದ್ದರೆ ಹಳೆಯದು.

ಇನ್ನೊಂದು ನಿಯಮ ನನಗೆ ನಾನೇ ಹಾಕಿಕೊಂಡೆ: ಲೆನ್ಸಿನ ಊರು ಕೇಳುವುದು. ಕರಾವಳಿ ಬೇಡ, ನಮ್ಮ ಮಲೆನಾಡಂತೂ ಬೇಡವೇ ಬೇಡ. ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆ ಇದ್ದರೆ ಮಾತ್ರ ಮಾತು. ಒಣ ಹವೆಯಲ್ಲಿ ಹತ್ತು ವರ್ಷ ಕಪಾಟಿನಲ್ಲಿದ್ದ ಲೆನ್ಸು ನಮ್ಮೂರಲ್ಲಿ ಎರಡು ಮಳೆಗಾಲ ಕಂಡದ್ದಕ್ಕಿಂತ ವಾಸಿ. ಇದಕ್ಕೂ ನಕ್ಕರು. ನಗಲಿ.

ಐದಾರು ತಿಂಗಳು ಕಾದ ಮೇಲೆ ಹೊಸಪೇಟೆಯಲ್ಲಿ ಒಂದು ಕಾಣಿಸಿತು. ಮೂವತ್ತೆರಡು ಸಾವಿರ ಹೇಳಿದ್ದರು. ಫೆಬ್ರವರಿ ಇರಬೇಕು, ರಾತ್ರಿ ಶಿವಮೊಗ್ಗದಲ್ಲಿ ಬಸ್ ಬದಲಿಸಿ ಬೆಳಿಗ್ಗೆ ಹೋಗಿಳಿದೆ. ನಿವೃತ್ತರು, ದರೋಜಿಯ ಕರಡಿಗಳನ್ನೇ ವರ್ಷಗಟ್ಟಲೆ ತೆಗೆದವರು. ಮಗ ಮಿರರ್‌ಲೆಸ್ ಕೊಡಿಸಿದ್ದಾನೆ, ಹಳೇ ಬಾಡಿ ಯಾರಿಗೋ ಕೊಟ್ಟಾಗಿದೆ, ಲೆನ್ಸು ಒಂಟಿಯಾಗಿ ಉಳಿದಿದೆ.

"ಹೋದ ವಾರ ಒಬ್ಬ ಹುಡುಗ ಬಂದಿದ್ದ ನೋಡ್ರಿ. ತನ್ನ ಕ್ಯಾಮೆರಾಕ್ಕ ಹಾಕಿ, ಫೋಕಸ್ಸೇ ಆಗವಲ್ದು, ಇದು ಸತ್ತೈತಿ ಅಂತ ಹೇಳಿ ಹೋದ" ಅಂದರು. ಯಾವ ಕ್ಯಾಮೆರಾ ಅಂದೆ. ಡಿ5300 ಅಂತೆ, ಮೋಟರ್ ಇಲ್ಲದ್ದು. ನಾನು ಏನೂ ಹೇಳದೆ ಬ್ಯಾಗಿನಿಂದ ನನ್ನ ಬಾಡಿ ತೆಗೆದು ಹಾಕಿದೆ. ಮೇಲಿನ ಪರದೆಯಲ್ಲಿ ಎಫ್‌ಇಇ ಅಂತ ಮಿಣಕತೊಡಗಿತು. ಅವರ ಮುಖ ಇನ್ನಷ್ಟು ಬಾಡಿತು. ಅಪರ್ಚರ್ ರಿಂಗ್ 32ರಲ್ಲಿ ಇಲ್ಲ ಅನ್ನುವ ಸೂಚನೆ ಅದು, ಆ ಹುಡುಗ ರಿಂಗನ್ನೂ ತಿರುಗಿಸಿಟ್ಟು ಹೋಗಿದ್ದ. 32ಕ್ಕೆ ತಂದು ಲಾಕ್ ಮಾಡಿದೆ, ಬಟನ್ ಅರ್ಧ ಒತ್ತಿದೆ. ಖರ್‌ರ್‌ರ್ ಅಂತ ಎದ್ದು ಎದುರುಮನೆಯ ತಂತಿಯ ಮೇಲಿದ್ದ ಕಾಜಾಣಕ್ಕೆ ಹೋಗಿ ನಿಂತಿತು. ಹಿರಿಯರು ಕುರ್ಚಿ ಬಿಟ್ಟೆದ್ದು "ಇನ್ನೊಮ್ಮೆ ಮಾಡ್ರಿ" ಅಂದರು, ಮಗುವಿನ ಅಳು ಕೇಳಿದವರ ಹಾಗೆ.

ಆಮೇಲೆ ಒಂದೂವರೆ ಗಂಟೆ ಅವರ ಪಡಸಾಲೆಯಲ್ಲಿ ಕೂತಿದ್ದೆ. ಟಾರ್ಚನ್ನು ಹಿಂದಿನಿಂದ, ಮುಂದಿನಿಂದ, ಓರೆಯಾಗಿ. ಧೂಳಿನ ಕಣ ಏಳೆಂಟಿದ್ದವು, ಅವಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಎಳೆ ಇಲ್ಲ, ಹಾಲು ಕದಡಿದಂಥ ಮಸುಕಿಲ್ಲ. ಮೌಂಟಿನ ಸಣ್ಣ ಲಿವರ್ ಬೆರಳಲ್ಲಿ ಸರಿಸಿ ಬಿಟ್ಟರೆ ಬ್ಲೇಡುಗಳು ಟಪ್ಪಂತ ಮುಚ್ಚುತ್ತಿದ್ದವು, ಎಣ್ಣೆಯ ಗುರುತಿಲ್ಲ. ಸ್ಕ್ರೂಗಳ ತಲೆ ಕೆತ್ತಿರಲಿಲ್ಲ, ಅಂದರೆ ಯಾರೂ ಬಿಚ್ಚಿಲ್ಲ. ಹಿಂದಿನ ಅನುಭವದ ಮೇಲೆ ನಾನು ಎಲ್ಲಕ್ಕಿಂತ ಮೊದಲು ನೋಡುವುದೇ ಇದನ್ನು.

ಓರೆ ಗಾಜಿನ ಪರೀಕ್ಷೆಗೆ ಅವರ ಗೋಡೆಯ ಕ್ಯಾಲೆಂಡರ್ ಒದಗಿತು. ನಮ್ಮ ಕನ್ನಡ ಕ್ಯಾಲೆಂಡರಿನಷ್ಟು ಒಳ್ಳೆಯ ಟೆಸ್ಟ್ ಚಾರ್ಟ್ ಎಲ್ಲೂ ಸಿಗುವುದಿಲ್ಲ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವೆ ಅಕ್ಷರದಲ್ಲಿ, ನಾಲ್ಕು ಮೂಲೆಗೂ ಒಂದೇ ಗಾತ್ರ. ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ಟೈಮರ್ ಹಾಕಿ 80, 200, 400ರಲ್ಲಿ ಹೊಡೆದು ಹಿಗ್ಗಿಸಿ ನೋಡಿದೆ. 400ರಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಮೂಲೆಗಳು ಮೆತ್ತಗೆ, ಆದರೆ ನಾಲ್ಕೂ ಒಂದೇ ಸಮ ಮೆತ್ತಗೆ. ಎಫ್8ಕ್ಕೆ ತಂದರೆ ಮಂಗಳವಾರದ ರಾಹುಕಾಲ ಎಡಮೂಲೆಯಲ್ಲೂ ಓದಲು ಬಂತು. ಅಷ್ಟು ಸಾಕು.

ಒಮ್ಮೆ ಎದೆ ಧಸಕ್ಕೆಂದದ್ದೂ ಹೌದು. ಲೆನ್ಸ್ ಕಳಚಿ ಅಲುಗಿಸಿದರೆ ಒಳಗೆ ಗಡಗಡ. ವಿಆರ್ ನಡೆಯುತ್ತಿರುವಾಗಲೇ ಕಳಚಿದ್ದೆ, ಅದು ಲಾಕ್ ಆಗಿರಲಿಲ್ಲ. ಮತ್ತೆ ಹಾಕಿ, ಆನ್ ಮಾಡಿ, ವಿಆರ್ ನಿಂತ ಮೇಲೆ ಆಫ್ ಮಾಡಿ ತೆಗೆದೆ, ಸದ್ದು ಹೋಯಿತು.

ಚೌಕಾಸಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಾರುವವರಿಗೆ ಮೊದಲ ಫೋನಿನಲ್ಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಅದರ ಉತ್ತರದಲ್ಲೇ ಕೊನೆಯ ಬೆಲೆ ಗೊತ್ತಾಗಿಬಿಡುತ್ತದೆ. ಅದನ್ನು ಇಲ್ಲಿ ಹೇಳಲಾರೆ, ನಾನಿನ್ನೂ ಒಂದು ಮ್ಯಾಕ್ರೋ ಲೆನ್ಸ್ ಹುಡುಕುತ್ತಿದ್ದೇನೆ. ಇಪ್ಪತ್ನಾಲ್ಕು ಸಾವಿರಕ್ಕೆ ಮುಗಿಯಿತು. ಲೆನ್ಸ್ ಸತ್ತಿಲ್ಲ ಅಂತ ತೋರಿಸಿದ ಮೇಲೂ ಅವರು ಬೆಲೆ ಏರಿಸಲಿಲ್ಲ, ಮೇಲಿಂದ ಮಂಡಕ್ಕಿ, ಮಿರ್ಚಿ ತಿನ್ನಿಸಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಓಡಾಟದ ಖರ್ಚು ಸಾವಿರದ ಮುನ್ನೂರೋ ನಾನೂರೋ.

ಬಳಕೆಯ ವಿಷಯ. ಸಂಜೆ ಬೆಳಕು ಇಳಿದಮೇಲೆ ಫೋಕಸ್ ತಡಕಾಡುತ್ತದೆ, ಸುಳ್ಳು ಹೇಳುವುದಿಲ್ಲ. ಹತ್ತಿರ ಹೋಗಿ ಮತ್ತೆ ದೂರ ಬರುವಷ್ಟರಲ್ಲಿ ಕಳ್ಳಿಪೀರ ಪಕ್ಕದ ತೋಟದಲ್ಲಿರುತ್ತದೆ. ಫೋಕಸ್ ಓಡುವ ದೂರಕ್ಕೆ ಮಿತಿ ಹಾಕುವ ಲಿಮಿಟ್ ಸ್ವಿಚ್ ಹಾಕಿಟ್ಟರೆ ಅರ್ಧ ಕಾಟ ಕಡಿಮೆ. ನಾನು 400ರ ತನಕ ಎಳೆಯದೆ 350ರ ಹತ್ತಿರ ನಿಲ್ಲಿಸುತ್ತೇನೆ, ಎಫ್8, ಸಾವಿರದಲ್ಲೊಂದು ಸೆಕೆಂಡು, ಐಎಸ್‌ಒ ಎಂಟುನೂರರಿಂದ ಸಾವಿರದಾರುನೂರು. ಹಾರುವ ಹಕ್ಕಿಗೆ ವಿಆರ್ ಆಫ್. ಗುಡವಿಯ ಕೆರೆ ನೀರಲ್ಲೇ ನಿಂತ ಮರಗಳ ಮೇಲೆ ಕೆಂಬರಲು ಕಡ್ಡಿ ಕಚ್ಚಿಕೊಂಡು ಬಂದಿಳಿಯುವಾಗ ಇಷ್ಟರಲ್ಲೇ ಹತ್ತಕ್ಕೆ ಆರು ಸರಿ ಬಂದವು. ಗಂಡಾಂತರದ ಸದ್ದು ಅಂದಿದ್ದರಲ್ಲ, ಮರಿಗಳ ಗಲಾಟೆಯಲ್ಲಿ ನನ್ನ ರೈಸ್ ಮಿಲ್ ನನಗೇ ಕೇಳಿಸಲಿಲ್ಲ.

ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಇದರ ಕಾಲರ್ ಮಾತ್ರ ನಂಬಬೇಡಿ, ಲಡಬಡ. ನಾನು ಹಳೇ ಜೀನ್ಸಿನ ಕಾಲು ಕತ್ತರಿಸಿ ಲೆನ್ಸಿಗೆ ಆಸರೆಯಾಗಿ ಇಡುವ ಚೀಲ ಹೊಲಿಸಿದೆ. ಮೊದಲು ಹುರುಳಿ ತುಂಬಿದೆ, ಎರಡು ತಿಂಗಳಲ್ಲಿ ಹುಳ, ಆಮೇಲೆ ಇಲಿ. ಭತ್ತ ತುಂಬಿದರೆ ಜಾರುತ್ತದೆ. ಈಗ ಒಳಗಿರುವುದು ಏನು ಅಂತ ಗುಡವಿಗೆ ಜೊತೆಯಲ್ಲಿ ಬಂದವರಿಗೆ ಮಾತ್ರ ಹೇಳುತ್ತೇನೆ.

ಒಣ ಊರಿನ ಲೆನ್ಸನ್ನು ಸಾಗರಕ್ಕೆ ತಂದ ಮೇಲೆ ಕಾಯುವ ಹೊಣೆ ನಮ್ಮದು. ಡ್ರೈ ಕ್ಯಾಬಿನೆಟ್‌ಗೆ ದುಡ್ಡಿಲ್ಲ. ರಬ್ಬರ್ ಅಂಚಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಕಾಲು ಕಿಲೋ ಸಿಲಿಕಾ ಜೆಲ್, ತೇವಾಂಶ ಅಳೆಯುವ ಮುನ್ನೂರು ರೂಪಾಯಿಯ ಹೈಗ್ರೋಮೀಟರ್. ಆಗಸ್ಟಿನಲ್ಲಿ ಹೊರಗೆ ತೇವಾಂಶ ಶೇಕಡಾ ತೊಂಬತ್ತು ದಾಟಿದ್ದಾಗ ಡಬ್ಬಿಯೊಳಗೆ ನಲವತ್ತೈದರ ಆಸುಪಾಸು. ಸಿಲಿಕಾದ ನೀಲಿ ಹರಳು ತೇವ ಹೀರಿ ಗುಲಾಬಿಗೆ ತಿರುಗಿದರೆ ಬಚ್ಚಲೊಲೆಯ ಕೆಂಡದ ಮೇಲೆ ಹಳೇ ತಗಡಿನಲ್ಲಿ ಕಾಯಿಸುತ್ತೇನೆ. ಅಡುಗೆ ಬಾಣಲೆ ಮುಟ್ಟಬೇಡಿ, ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ.

ಈ ಮಳೆಗಾಲದಲ್ಲಿ ಜೂಮ್ ರಿಂಗ್ 200ರ ಹತ್ತಿರ ಸ್ವಲ್ಪ ಬಿಗಿ ಅನ್ನಿಸುತ್ತಿದೆ. ಬಿಚ್ಚಿ ನೋಡಲು ಕೈ ತುರಿಸುತ್ತಿದೆ. ನನ್ನವಳು ಸ್ಕ್ರೂಡ್ರೈವರ್ ಡಬ್ಬಿಯನ್ನು ಎಲ್ಲೋ ಎತ್ತಿಟ್ಟಿದ್ದಾಳೆ, ಕೇಳಿದರೆ "ಹತ್ತು ಸಾವಿರದ ಆ ಲೆನ್ಸಿನ ಕಥೆ ಮೊದಲು ಹೇಳಿ" ಅನ್ನುತ್ತಾಳೆ.