ಅಜ್ಜನ ಕತ್ತಿಗೆ ಹೊಸ ಉಕ್ಕು: ಮನೆಯ ಕುಲುಮೆಯಲ್ಲಿ ನಾನು ಕೂರಿಸಿದ ಬಗೆ

ಹಳೆ ಕಬ್ಬಿಣಕ್ಕೆ ಹೊಸ ಉಕ್ಕು ಹಿಡಿಯುವುದಿಲ್ಲ, ಹಿಡಿದರೂ ನಾಲ್ಕು ಬಿದಿರು ಕಡಿಯುವಷ್ಟರಲ್ಲಿ ಎದ್ದು ಬರುತ್ತದೆ ಎಂದು ನಮ್ಮ ಕಡೆ ಕುಲುಮೆ ಇಟ್ಟವರೇ ಹೇಳುತ್ತಿದ್ದರು. ಸಂತೆಯಲ್ಲಿ ಐನೂರು ರೂಪಾಯಿಗೆ ಹೊಸ ಕತ್ತಿ ಸಿಗುವಾಗ ಇದೇಕೆ ಎಂದವರು ಇನ್ನೂ ಹೆಚ್ಚು. ಈಗ ಅಜ್ಜನ ಕಾಲದ ಕತ್ತಿ, ಒಂದು ಕೊಡಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮೂರಕ್ಕೂ ಹೊಸ ಬಾಯಿ ಕೂತಿದೆ. ಕಳೆದ ಮಳೆಗಾಲ ಪೂರ್ತಿ ಕತ್ತಿ ತೋಟದಲ್ಲೇ ಇತ್ತು, ಕೊಯ್ಲಿಗೆ ಮೆಟ್ಟುಗತ್ತಿ ಕೆಲಸ ಮಾಡಿತು. ಬೆಸುಗೆಯ ಗೆರೆ ಎಲ್ಲೂ ಬಾಯಿ ಬಿಟ್ಟಿಲ್ಲ. ಆಗಲ್ಲ ಎಂದವರೇ ಈಗ ತಮ್ಮ ಮನೆಯ ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ ತರುತ್ತಿದ್ದಾರೆ.

ಹಳೆಯ ಹತಾರಗಳಲ್ಲಿ ಉಕ್ಕು ಬಾಯಿಗೆ ಮಾತ್ರ, ಉಳಿದ ಮೈಯೆಲ್ಲ ಮೆದು ಕಬ್ಬಿಣ ಎಂಬುದು ಗೊತ್ತಿದ್ದದ್ದೇ. ಬ್ರಿಟಿಷ್ ಕಂಪನಿಯ ಪರವಾಗಿ ಬಂದ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಊರೂರಲ್ಲಿ ಇದ್ದಿಲ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುವುದನ್ನು ಬರೆದಿಟ್ಟಿದ್ದಾನೆ. ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕೊಡಲು ಶುರುಮಾಡಿದ್ದು 1923ರಲ್ಲಿ. ಅದಕ್ಕಿಂತ ಹಳೆಯ, ಊರ ಕುಲುಮೆಯ ಇದ್ದಿಲ ಕಬ್ಬಿಣದ ಒಳಗೆ ಕಿಟ್ಟದ ಎಳೆಗಳಿರುತ್ತವೆ, ಚಾಣದಿಂದ ಕಚ್ಚು ಮಾಡಿ ಬಗ್ಗಿಸಿದರೆ ನಾರು ನಾರಾಗಿ ಹರಿಯುತ್ತದೆ. ಬೆಸುಗೆಗೆ ಇದಕ್ಕಿಂತ ಒಳ್ಳೆಯ ಮೈ ಇಲ್ಲ. ಈಗಿನ ಸರಳಿನ ಕಬ್ಬಿಣ ಇಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಹಾಗಾಗಿ ಹಳೆ ಕಬ್ಬಿಣಕ್ಕೆ ಉಕ್ಕು ಹಿಡಿಯುವುದಿಲ್ಲ ಎಂಬ ಮಾತು ತಲೆಕೆಳಗಾದದ್ದು.

ಎಲ್ಲದಕ್ಕೂ ಹೊಸ ಉಕ್ಕು ಬೇಕಿಲ್ಲ, ಮೊದಲು ಅದನ್ನು ನೋಡಬೇಕು. ಬಾಯಿಯ ಎರಡಂಗುಲ ಉಜ್ಜಿ ಹೊಳಪಿಸಿ, ಹುಣಸೆ ಕಿವುಚಿದ ನೀರನ್ನು ಬಿಸಿಯಾಗಿಯೇ ಹಚ್ಚಿ ಅರ್ಧ ಗಂಟೆ ಬಿಡಿ. ಉಕ್ಕು ಕಪ್ಪಾಗುತ್ತದೆ, ಕಬ್ಬಿಣ ಬೂದು ಬಣ್ಣದಲ್ಲಿ ಉಳಿಯುತ್ತದೆ, ನಡುವೆ ಹಳೆ ಕಮ್ಮಾರನ ಬೆಸುಗೆ ಗೆರೆ ಎದ್ದು ಕಾಣುತ್ತದೆ. ಉಕ್ಕು ಐದಾರು ಮಿಲಿಮೀಟರ್ ಇದ್ದರೆ ಬೆಸುಗೆಗೆ ಕೈಹಾಕಬೇಡಿ, ಹದ ಕೊಟ್ಟರೆ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿದರೆ ಸಾಕು. ತುಂಬಾ ಕತ್ತಿಗಳು ಸತ್ತಿರುವುದು ಉಕ್ಕು ಸವೆದು ಅಲ್ಲ, ಗ್ರೈಂಡರಿಗೆ ಹಿಡಿದು ಬಾಯಿ ನೀಲಿಯಾಗಿ ಹದ ಇಳಿದು. ಹೊಸ ಅರದಿಂದ (ಲೋಹ ಉಜ್ಜುವ ಫೈಲ್) ಬಾಯಿಯ ಮೇಲೆ ಎಳೆದು ನೋಡಿ. ಅರ ಜಾರಿದರೆ ಹದ ಇದೆ, ಕಚ್ಚಿದರೆ ಇಲ್ಲ.

ತುಕ್ಕು ತೆಗೆಯಲು ಹುಳಿಯಲ್ಲಿ ನೆನೆಹಾಕುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ರಾತ್ರಿಯಿಡೀ ಹುಣಸೆಯಲ್ಲೋ ಮುರುಗಲು ಸಿಪ್ಪೆಯಲ್ಲೋ ಇಟ್ಟರೆ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿಂದು ಕುಳಿ ಬೀಳಿಸುತ್ತದೆ, ಹದ ಇರುವ ಬಾಯಿ ಬಿರುಕು ಬಿಡುವ ಭಯವೂ ಇದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಪ್ಪತ್ತು ಲೀಟರ್ ನೀರು, ಇನ್ನೂರು ಗ್ರಾಂ ಆಸುಪಾಸು ವಾಷಿಂಗ್ ಸೋಡಾ, ಹನ್ನೆರಡು ವೋಲ್ಟಿನ ಬ್ಯಾಟರಿ ಚಾರ್ಜರ್, ಇಷ್ಟೇ. ಹತಾರಕ್ಕೆ ಋಣ ತಂತಿ, ಎದುರು ಇಳಿಬಿಟ್ಟ ಗುಜರಿ ಸರಳಿಗೆ ಧನ ತಂತಿ. ತಪ್ಪಿ ಅದಲುಬದಲಾದರೆ ಕತ್ತಿಯೇ ಕರಗುತ್ತದೆ. ಎದುರು ಇಡುವ ತುಂಡು ಸ್ಟೇನ್‌ಲೆಸ್ ಆಗಲೇಬಾರದು, ಅದರಿಂದ ಬರುವ ಕ್ರೋಮಿಯಂ ನೀರು ವಿಷ. ಜಲಜನಕ ಏಳುವುದರಿಂದ ಬಯಲಲ್ಲಿ ಇಡಿ, ಬೀಡಿ ಬೆಂಕಿ ಹತ್ತಿರ ತರಬೇಡಿ. ಬೆಳಿಗ್ಗೆ ಹಚ್ಚಿದರೆ ಸಂಜೆಗೆ ತುಕ್ಕು ಕಪ್ಪು ಕೆಸರಾಗಿ ತಂತಿ ಬ್ರಷ್‌ಗೆ ಬರುತ್ತದೆ. ಕೆಲವು ಕತ್ತಿಗಳ ಬೆನ್ನಿನ ಹತ್ತಿರ ಕಮ್ಮಾರನ ಗುರುತು ಒತ್ತಿರುತ್ತದೆ. ಗ್ರೈಂಡರ್ ಚಕ್ರ ಅದನ್ನು ಒಂದೇ ಗಳಿಗೆಯಲ್ಲಿ ಅಳಿಸುತ್ತದೆ, ಈ ನೀರು ಅಳಿಸುವುದಿಲ್ಲ. ನನಗೆ ಆ ಗುರುತು ಹೊಳಪಿಗಿಂತ ದೊಡ್ಡದು.

ಉಕ್ಕಿನ ಆಯ್ಕೆಯಲ್ಲೇ ಅರ್ಧ ಸೋಲು ಗೆಲುವು. ಎಲ್ಲರೂ ಲಾರಿಯ ಪಟ್ಟಾ (ಸ್ಪ್ರಿಂಗಿನ ಪಟ್ಟಿ) ಹಾಕು ಎನ್ನುತ್ತಾರೆ. ಪೂರ್ತಿ ಕತ್ತಿಯನ್ನೇ ಪಟ್ಟಾದಿಂದ ಮಾಡುವುದಾದರೆ ಸರಿ. ಬೆಸುಗೆಗೆ ಅದು ಬೇಡ. ಅದರಲ್ಲಿ ಸಿಲಿಕಾನ್, ಕೆಲವದರಲ್ಲಿ ಕ್ರೋಮಿಯಂ ಇರುವುದರಿಂದ ಬೆಸುಗೆಗೆ ಹಾಕುವ ಬಿಳಿಗಾರ (ಬೋರಾಕ್ಸ್) ಒಂದಕ್ಕೇ ಕರಗದ ಪೊರೆ ಮೇಲೆ ಕಟ್ಟುತ್ತದೆ. ಹೊರಗಿನಿಂದ ಹಿಡಿದ ಹಾಗೆ ಕಂಡು, ಹದಕ್ಕೆಂದು ಎಣ್ಣೆಗೆ ಇಳಿಸಿದ ಮೇಲೆ ಕೂದಲಿನಂಥ ಬಿರುಕಿನ ಗೆರೆ ತೋರಿಸುತ್ತದೆ. ನನಗೆ ಒದಗಿದ್ದು ಸವೆದ ಹಳೆ ಅರಗಳು. ಗುಜರಿಯಲ್ಲಿ ಕಿಲೋಗೆ ಎಂಬತ್ತು ನೂರು ರೂಪಾಯಿ, ಒಂದು ದೊಡ್ಡ ಅರದಲ್ಲಿ ಒಂದು ಕತ್ತಿಯ ಬಾಯಿ ಆಗುತ್ತದೆ. ಆದರೆ ಈಚಿನ ಅಗ್ಗದ ಅರಗಳು ಮೇಲ್ಪದರ ಮಾತ್ರ ಗಟ್ಟಿ. ತುದಿಯನ್ನು ವೈಸಿಗೆ ಕಚ್ಚಿಸಿ, ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಮುರಿಯಿರಿ. ಮುರಿದ ಮುಖ ಅಂಚಿನಿಂದ ನಡುವಿನವರೆಗೆ ಒಂದೇ ಸಣ್ಣ ಬೂದು ಕಾಳಾಗಿದ್ದರೆ ಇಟ್ಟುಕೊಳ್ಳಿ, ಇಲ್ಲವಾದರೆ ವಾಪಸ್ ಗುಜರಿಗೆ. ಅರದ ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಒಂದು ಸಾಲು ಉಳಿದರೂ ಅದು ಬೆಸುಗೆಯ ಒಳಗೆ ಮಡಚಿಕೊಂಡು, ಮುಂದೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ಕುಲುಮೆಗೆ ಹಳೆ ಕಬ್ಬಿಣದ ಬಾಣಲೆ, ಅದಕ್ಕೆ ಹುತ್ತದ ಮಣ್ಣು ಮರಳು ಸೇರಿಸಿ ಮೂರಂಗುಲ ಮೆತ್ತಿದ್ದು, ಬದಿಯಿಂದ ಒಂದಿಂಚಿನ ಪೈಪು. ಕೂದಲು ಒಣಗಿಸುವ ಡ್ರೈಯರ್ ಸಿಕ್ಕಿಸಿದರೆ ಗಾಳಿ ಹೆಚ್ಚು, ಬೇಕಾದಷ್ಟಕ್ಕೆ ತಗ್ಗಿಸಲು ಆಗುವುದಿಲ್ಲ, ಉಕ್ಕು ಸುಡುತ್ತದೆ. ಕೈಯಲ್ಲಿ ತಿರುಗಿಸುವ ಬ್ಲೋವರ್ ಎರಡೂವರೆ ಸಾವಿರದ ಹತ್ತಿರ ಬಿತ್ತು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇದ್ದಿಲು ನಿಂಬೆಹಣ್ಣಿಗಿಂತ ಸಣ್ಣ ತುಂಡಾಗಿರಬೇಕು, ಪೈಪಿನ ಬಾಯಿಂದ ಹತಾರದವರೆಗೆ ಒಂದು ಗೇಣು ಕೆಂಡ ಇರಬೇಕು. ಕೆಂಡ ತೆಳುವಾದರೆ ಉರಿಯದ ಗಾಳಿ ನೇರ ಉಕ್ಕಿಗೆ ಬಡಿದು ಕಿಟ್ಟ ಕಟ್ಟುತ್ತದೆ. ತೆಂಗಿನ ಚಿಪ್ಪಿನ ಇದ್ದಿಲನ್ನೂ ನೋಡಿದೆ. ಬಿಸಿ ಜೋರು, ಆದರೆ ಬೇಗ ಬೂದಿಯಾಗಿ ಗುಂಡಿ ಬೀಳುತ್ತದೆ. ಅರ್ಧಕ್ಕರ್ಧ ಬೆರೆಸುವುದು ಒಳ್ಳೆಯದು.

ಈಗ ಬೆಸುಗೆ. ಸತ್ತ ಬಾಯಿಯನ್ನು ಕತ್ತರಿಸುತ್ತಾ, ಮೈ ನಾಲ್ಕೈದು ಮಿಲಿಮೀಟರ್ ದಪ್ಪ ಸಿಗುವವರೆಗೆ ಹಿಂದೆ ಹೋಗಬೇಕು. ಕತ್ತಿಯ ಅಗಲ ಬೆರಳಿನಷ್ಟು ಕಡಿಮೆಯಾಗುತ್ತದೆ, ಆಮೇಲೆ ಬಡಿದು ಅಗಲಿಸುವಾಗ ಮುಕ್ಕಾಲು ಪಾಲು ವಾಪಸ್ ಬರುತ್ತದೆ. ಕಿತ್ತಳೆ ಬಣ್ಣಕ್ಕೆ ಕಾಯಿಸಿ, ತೆಳು ಚಾಣದಿಂದ ಬಾಯಿಯನ್ನು ಉದ್ದಕ್ಕೂ ಸೀಳಿ, ಹತ್ತು ಹನ್ನೆರಡು ಮಿಲಿಮೀಟರ್ ಆಳ. ಅರದ ಪಟ್ಟಿಯನ್ನು ಬೆಣೆಯ ಆಕಾರಕ್ಕೆ, ದಪ್ಪ ಕಡೆ ಮೂರು ಮಿಲಿಮೀಟರ್ ಬರುವಂತೆ ಉಜ್ಜಿ, ಒಳಹೋಗುವ ಅಂಚಿಗೆ ಚಾಣದಿಂದ ಅಲ್ಲಲ್ಲಿ ಮುಳ್ಳು ಎಬ್ಬಿಸಿ. ಮುಳ್ಳಿಲ್ಲದ ಪಟ್ಟಿ ಮೊದಲ ಪೆಟ್ಟಿಗೇ ಹೊರಜಾರುತ್ತದೆ. ಪಟ್ಟಿ ಇಟ್ಟು ಸೀಳನ್ನು ಬಡಿದು ಮುಚ್ಚಿ, ಮತ್ತೆ ಕೆಂಪಿಗೆ ತಂದು ಬಿಳಿಗಾರ ಉದುರಿಸಿ. ಬಿಳಿಗಾರವನ್ನು ಮೊದಲೇ ಹುರಿದು ನೀರು ಕಳೆದಿರಬೇಕು, ಹಸಿಯದು ಉಬ್ಬಿ ಉದುರಿಹೋಗುತ್ತದೆ. ನಾನು ಅದಕ್ಕೆ ಇನ್ನೊಂದು ಪುಡಿ ಸೇರಿಸುತ್ತೇನೆ, ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಬರಿ ಬಿಳಿಗಾರದಲ್ಲೂ ಕೆಲಸ ಆಗುತ್ತದೆ, ಸ್ವಲ್ಪ ಹೆಚ್ಚು ಜಾಗ್ರತೆ ಬೇಕು ಅಷ್ಟೆ.

ಕಷ್ಟ ಇರುವುದು ಬಿಸಿಯಲ್ಲಿ. ಕಬ್ಬಿಣ ಬೆಳ್ಳಗಾಗಿ ಕಿಡಿ ಹಾರುವ ಹೊತ್ತಿಗೆ ಬೆಸುಗೆಗೆ ಖುಷಿಯಾಗಿ ಬರುತ್ತದೆ. ಅರದ ಉಕ್ಕಿಗೆ ಆ ಬಿಸಿ ಸಾವು, ಪೆಟ್ಟು ಬಿದ್ದರೆ ಪುಡಿಪುಡಿ. ನಮ್ಮ ಕಡೆಯವರು ಕಂಡ ಸೋಲುಗಳಲ್ಲಿ ಹೆಚ್ಚಿನವು ಇವೇ, ಕಿಡಿ ಬರುವವರೆಗೆ ಕಾದು ಉಕ್ಕು ಸುಟ್ಟದ್ದು. ಸೀಳಿ ಒಳಗಿಡುವ ಲಾಭ ಇಲ್ಲೇ. ಎರಡೂ ಬದಿಯ ಕಬ್ಬಿಣ ಉಕ್ಕಿಗೆ ಮರೆಯಾಗುತ್ತದೆ. ಪಕ್ಕಕ್ಕೆ ಹೊದಿಸಿ ಬೆಸೆದರೆ ಉಕ್ಕು ನೇರ ಬೆಂಕಿಗೆ ಬೀಳುತ್ತದೆ. ಬಿಳಿಗಾರ ಎಣ್ಣೆಯ ಹಾಗೆ ಹರಿದು ಮಿನುಗಿ, ಮೈ ತಿಳಿ ಹಳದಿಗೆ ಬಂದು, ಕಿಡಿ ಇನ್ನೂ ಶುರುವಾಗದ ಆ ಸಣ್ಣ ಸಮಯದಲ್ಲಿ ಎಳೆದು ಬಡಿಯಬೇಕು. ಪೆಟ್ಟು ಹಗುರ, ಬೇಗ ಬೇಗ, ನಡುವಿನಿಂದ ಹೊರಕ್ಕೆ. ತುದಿಗಳಿಂದ ಒಳಕ್ಕೆ ಬಡಿದರೆ ಕಿಟ್ಟ ನಡುವೆ ಸಿಕ್ಕಿಬೀಳುತ್ತದೆ. ಒಂದು ಸಲಕ್ಕೆ ಮೂರು ನಾಲ್ಕಿಂಚು ಮಾತ್ರ, ಒಂದಡಿ ಅಲಗನ್ನು ಒಟ್ಟಿಗೇ ಹಿಡಿಸಲು ಹೋಗಬೇಡಿ. ಅದೇ ಜಾಗವನ್ನು ಇನ್ನೊಮ್ಮೆ ಬಿಳಿಗಾರ ಹಾಕಿ ಕಾಯಿಸಿ ಬಡಿದರೆ ಖಾತ್ರಿ. ಕತ್ತಿಯ ಕೊಕ್ಕಿನ ತಿರುವಿನಲ್ಲಿ ಪಟ್ಟಿ ಹೊರಗೆ ತಳ್ಳಿಕೊಳ್ಳುತ್ತದೆ, ಅಲ್ಲಿ ನಾನು ಬಳಸುವ ಉಪಾಯ ನೋಡಿಯೇ ಕಲಿಯುವಂಥದ್ದು. ಹಿಡಿದಿದೆಯೇ ಎಂದು ತಿಳಿಯಲು ಕೆಂಪು ಆರುತ್ತಿರುವಾಗ ನೋಡಿ. ಹಿಡಿಯದ ಕಡೆ ಕಪ್ಪು ನೆರಳಿನ ಗೆರೆ ಕಾಣುತ್ತದೆ, ಹಿಡಿದ ಕಡೆ ಬಣ್ಣ ಒಂದೇ ಸಮ ಇಳಿಯುತ್ತದೆ.

ಇಷ್ಟು ಬಿಸಿ ತಿಂದ ಉಕ್ಕಿನ ಕಾಳು ದಪ್ಪವಾಗಿರುತ್ತದೆ. ನೇರ ಹದಕ್ಕೆ ಹೋದರೆ ಮರದ ಮೊದಲ ಗಂಟಿಗೆ ಬಾಯಿಯ ಚಕ್ಕೆ ಹಾರುತ್ತದೆ, ಮುರಿದ ಮುಖ ಸಕ್ಕರೆಯ ಹಾಗೆ ಮಿನುಗುತ್ತದೆ. ಅಯಸ್ಕಾಂತ ಹಿಡಿಯದಷ್ಟು ಕೆಂಪಿಗೆ ತಂದು ಗಾಳಿಯಲ್ಲಿ ಆರಲು ಬಿಡಿ, ಮೂರು ಸಲ, ಪ್ರತಿ ಸಲ ಬಿಸಿ ಸ್ವಲ್ಪ ಕಡಿಮೆ. ಇದನ್ನು ಬಿಟ್ಟವರಿಗೆ ನಾನು ಮುಂದಿನದನ್ನು ಹೇಳುವುದೇ ಇಲ್ಲ.

ಹದವನ್ನು ಸಂಜೆ ಮಬ್ಬಿನಲ್ಲೇ ಹಾಕಬೇಕು, ಬಿಸಿಲಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಅಯಸ್ಕಾಂತ ಬಿಟ್ಟುಕೊಟ್ಟ ಮೇಲೆ ಒಂದು ಛಾಯೆ ಹೆಚ್ಚು, ಎಂಟುನೂರು ಡಿಗ್ರಿ ಆಸುಪಾಸು. ಕತ್ತಿ ಮೆಟ್ಟುಗತ್ತಿಗಳಿಗೆ ಎಣ್ಣೆ, ಕೊಡಲಿಗೆ ನೀರು. ತೆಳು ಬಾಯಿಯ ಅರದ ಉಕ್ಕು ನೀರಿನಲ್ಲಿ ಟಿಣ್ ಎಂದು ಸದ್ದು ಮಾಡಿದರೆ ಬಿರುಕು ಬಿಟ್ಟಿತೆಂದೇ ಅರ್ಥ. ಮದುವೆ ಅಡುಗೆಯವರ ಹತ್ತಿರ ಕರಿದುಳಿದ ಎಣ್ಣೆ ನಾಲ್ಕು ಲೀಟರ್ ತಂದು, ಕಾಯಿಸಿ ನೀರಿನಂಶ ಕಳೆದು ಸೋಸಿಟ್ಟಿದ್ದೇನೆ. ಬೆರಳು ತಾಳದಷ್ಟು ಬೆಚ್ಚಗಿರುವಾಗ, ಬಾಯಿ ಕೆಳಗಾಗಿ ನೇರ ಇಳಿಸಬೇಕು. ಅಡ್ಡಡ್ಡ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಸ್ವಲ್ಪ ಸೊಟ್ಟಗಾದರೂ ಹೆದರಬೇಕಿಲ್ಲ, ಮೈ ಮೆದು ಕಬ್ಬಿಣವಾದ್ದರಿಂದ ಬಣ್ಣ ಇಳಿಸಿದ (ಮುಂದೆ ಹೇಳುವ ಹಾಗೆ ಮತ್ತೆ ಸ್ವಲ್ಪ ಕಾಯಿಸಿ ಬಿರುಸು ತಗ್ಗಿಸಿದ) ಮೇಲೆ ಮರದ ಕೊರಡಿನ ಮೇಲಿಟ್ಟು ಬೆನ್ನಿನ ಕಡೆ ತಟ್ಟಿದರೆ ನೇರವಾಗುತ್ತದೆ. ಪೂರ್ತಿ ಪಟ್ಟಾದ ಹೊಸ ಕತ್ತಿಯನ್ನು ಹೀಗೆ ತಟ್ಟಿದರೆ ಎರಡು ತುಂಡಾಗಬಹುದು.

ಕೊಡಲಿಗೆ ಹಳಬರ ಕ್ರಮವೇ ಸರಿ. ಬಾಯಿ ಎರಡು ಬೆರಳಷ್ಟನ್ನು ಉಪ್ಪುನೀರಿಗೆ ಅದ್ದಿ, ಮೇಲೆ ಕೆಳಗೆ ಆಡಿಸುತ್ತಾ ಇರಿ. ನೀರಿನ ಗೆರೆ ಒಂದೇ ಕಡೆ ನಿಂತರೆ ಅಲ್ಲೇ ಒಡೆಯುತ್ತದೆ. ತೆಗೆದು ಕಲ್ಲಿನಿಂದ ಗಸಗಸ ಉಜ್ಜಿ, ಹಿಂದಿನ ಬಿಸಿ ಬಾಯಿಗೆ ಓಡಿ ಬರುವಾಗ ಬಣ್ಣ ನೋಡಿ: ಮೊದಲು ಒಣಹುಲ್ಲು, ಆಮೇಲೆ ಕಂದು, ನೇರಳೆ, ನೀಲಿ. ಕೊಡಲಿಗೆ ನೇರಳೆ ಮುಟ್ಟಿದಾಗ ಪೂರ್ತಿ ಮುಳುಗಿಸಿ. ಎಣ್ಣೆಯಲ್ಲಿ ಹದವಾದ ಕತ್ತಿಯನ್ನು, ಕೆಂಪಗೆ ಕಾದ ದಪ್ಪ ಸರಳಿನ ಮೇಲೆ ಬೆನ್ನು ತಾಗಿಸಿ ಎಳೆದಾಡಿ ಕಂದಿಗೆ ತರುತ್ತೇನೆ. ಮೆಟ್ಟುಗತ್ತಿಗೆ ಒಣಹುಲ್ಲಿನ ಬಣ್ಣ ಸಾಕು, ಅದಕ್ಕೆ ಪೆಟ್ಟು ಬೀಳುವುದಿಲ್ಲ, ಮೊನೆ ನಿಲ್ಲಬೇಕು. ಸುಲಿಯುವ ಹೆಂಗಸರು ಸಾಣೆಗೆ ಏಳುವುದು ಮೊದಲಿಗಿಂತ ಅರ್ಧಕ್ಕಿಂತಲೂ ಕಡಿಮೆಯಾಗಿದೆ, ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ. ಕತ್ತಿಗಾದರೆ ಹಸಿ ಬಿದಿರಿನ ಗಿಣ್ಣು. ಚಕ್ಕೆ ಹಾರಿದರೆ ಬಣ್ಣ ಇನ್ನೂ ಇಳಿಸಬೇಕು, ಬಾಯಿ ಮಡಚಿದರೆ ಮತ್ತೆ ಹದ ಹಾಕಬೇಕು.

ಹಿಡಿಗೆ ನಮ್ಮಲ್ಲಿ ದಡಸಲು ಬಿಟ್ಟರೆ ಬೇರೆ ಮರ ಬೇಡ. ಬಳುಕುತ್ತದೆ, ಪೆಟ್ಟನ್ನು ಕೈಗೆ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಜಾಲಿ ಇದೇ ಕೆಲಸ ಮಾಡುತ್ತದೆ. ನಮ್ಮದೇ ಬೇಣದಲ್ಲಿ ಬಿದ್ದ ಕೊಂಬೆಯನ್ನು ಗರಗಸದಲ್ಲಿ ಕೊಯ್ಯದೆ ಸೀಳಿ, ಅಟ್ಟದ ಮೇಲೆ ಒಂದು ಬೇಸಿಗೆ ಕಳೆಯುವವರೆಗೆ ಇಟ್ಟದ್ದು. ಹಸಿ ಇರುವಾಗಲೇ ಹಾಕಿದ ಹಿಡಿ ಫೆಬ್ರವರಿಗೆ ಸಡಿಲಾಗುತ್ತದೆ. ಕತ್ತಿಯ ಬಾಲ (ಹಿಡಿಯೊಳಗೆ ಹೋಗುವ ತುದಿ) ಕೂರಿಸಲು ಎರಡು ಪಾಲು ಅರಗು, ಒಂದು ಪಾಲು ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನು ತೂತಿಗೆ ತುಂಬಿ, ಬಾಲವನ್ನು ಕೆಂಪಾಗದಷ್ಟೇ ಕಾಯಿಸಿ ಒತ್ತಬೇಕು. ಆ ಹೊತ್ತಿಗೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲೇಬೇಕು, ಇಲ್ಲದಿದ್ದರೆ ಬಿಸಿ ಓಡಿ ಅಷ್ಟು ಕಷ್ಟದ ಹದ ಇಳಿಯುತ್ತದೆ. ಎಪಾಕ್ಸಿಯೂ ಗಟ್ಟಿಯೇ, ಆದರೆ ಮುಂದೆ ಹಿಡಿ ಬದಲಿಸುವವರು ಅದನ್ನು ಕೊರೆದು ತೆಗೆಯಬೇಕು. ಅರಗು ಬಿಸಿ ತೋರಿಸಿದರೆ ಬಿಡುತ್ತದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುವುದಾದರೆ ಬ್ಲೋವರ್, ಚಾರ್ಜರ್, ಸುತ್ತಿಗೆ ಇಕ್ಕಳ ಎಲ್ಲ ಸೇರಿ ಆರೇಳು ಸಾವಿರ. ಅಡಿಗಲ್ಲಿನ ಬದಲು ಗುಜರಿಯ ರೈಲು ಹಳಿ ತುಂಡು, ಅದಕ್ಕೆ ಸಾವಿರದೈನೂರರ ಮೇಲೆ. ಕಲಿಯುವಾಗ ಸುಟ್ಟ ಇದ್ದಿಲೇ ದೊಡ್ಡ ಖರ್ಚು, ಚೀಲಕ್ಕೆ ಏಳೆಂಟುನೂರು. ಈಗ ಒಂದು ಕತ್ತಿಗೆ ಇದ್ದಿಲು, ಅರ, ಬಿಳಿಗಾರ, ಅರಗು ಸೇರಿ ಇನ್ನೂರರ ಒಳಗೆ ಮುಗಿಯುತ್ತದೆ, ಕೆಲಸ ಅರ್ಧ ದಿನ. ಬೇರೆಯವರದ್ದಕ್ಕೆ ಆರುನೂರು ತೆಗೆದುಕೊಳ್ಳುತ್ತೇನೆ, ಯಾರೂ ಚೌಕಾಸಿ ಮಾಡಿಲ್ಲ.

ಉಳಿದ ಅರದ ತುಂಡುಗಳಲ್ಲಿ ಕಸಿ ಕಟ್ಟುವ ಚಾಕು ಮಾಡಿದೆ, ಕಾಳುಮೆಣಸಿನ ಬಳ್ಳಿಗೆ ಬ್ಲೇಡಿನಷ್ಟೇ ಚೆನ್ನಾಗಿದೆ. ಕುಡುಗೋಲಿಗೂ ಉಕ್ಕು ಕೂರಿಸಿದೆ, ಆದರೆ ಕಕ್ಕನ್ನು (ಬಾಯಿಯ ಹಲ್ಲುಗಳನ್ನು) ಹದಕ್ಕೆ ಮೊದಲೇ ಚಾಣದಿಂದ ಹೊಡೆಯಬೇಕು, ಹಲ್ಲು ಹಿಡಿಯ ಕಡೆಗೆ ವಾಲಿರಬೇಕು. ಅಷ್ಟು ತೆಳುವಾದ ಅಲಗಿನಲ್ಲಿ ಹಲ್ಲು ಬೇಗ ಸುಡುತ್ತದೆ, ಅದು ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಗುದ್ದಲಿ ಮಾತ್ರ ತರಬೇಡಿ ಎಂದು ಹೇಳಿಬಿಡುತ್ತೇನೆ. ಕಲ್ಲಿಗೆ ಬಡಿಯುವ ಬಾಯಿಗೆ ಅರದ ಉಕ್ಕು ತೀರಾ ಬಿರುಸು. ಅದಕ್ಕೆ ಪಟ್ಟಾದ ತುಂಡನ್ನು ವೆಲ್ಡಿಂಗ್ ಅಂಗಡಿಯಲ್ಲೇ ಹಾಕಿಸಿ. ವೆಲ್ಡ್ ಮಾಡುವ ಮೊದಲು ಎರಡನ್ನೂ ನೀರಿನ ಹನಿ ಬಿದ್ದ ಕೂಡಲೇ ಹಾರಿಹೋಗುವಷ್ಟು ಬಿಸಿ ಮಾಡಲು ಹೇಳಿ, ಮುಗಿದ ಕೂಡಲೇ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಿ.